ಸರದಾರನ ಎಡಗಾಲು

ನಾಯಿ ನಡೆಯುವುದನ್ನು ನೋಡಿದ ಮಾತ್ರಕ್ಕೇ ಅದರ ಯಾವ ಕೀಲಿನಲ್ಲಿ ಏನು ತೊಂದರೆ ಎಂದು ಹೇಳಬಲ್ಲ ಕಣ್ಣುಗಳು ನಮ್ಮೂರಿನಲ್ಲಿರುವುದು ಎರಡೇ. ಎರಡೂ ನನ್ನ ಮುಖದ ಮೇಲೇ ಇವೆ!

ಇದನ್ನು ನಾನು ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೆ ಹೇಳಬೇಕೆಂದರೆ ಇನ್ನೂ ಬೇಕಾದಷ್ಟಿದೆ. ನಾನು ಪಶುವೈದ್ಯ, ಪಶುವೈದ್ಯರಲ್ಲೂ ನಾಯಿಗಳ ಕೀಲಿನ ತಜ್ಞ. ವಯಸ್ಸಾದಂತೆ ನಾಯಿಗಳ ಕೀಲುಗಳು ಹೇಗೆ ಸವೆಯುತ್ತವೆ, ಸವೆದರೂ ಅವು ನೋವಿಲ್ಲದೆ ಓಡಾಡಿಕೊಂಡಿರಲು ಏನು ಮಾಡಬೇಕು ಎಂಬುದು ನಮ್ಮ ಆಸ್ಪತ್ರೆಯ ಸಂಶೋಧನಾ ವಿಭಾಗದ ಕೆಲಸ. ನನ್ನ ಹೆಂಡತಿ ಕೋರ್ಟಿನಲ್ಲಿ ಕೆಲಸ ಮಾಡುತ್ತಾಳೆ. ನನ್ನದು ಕೀಲು, ಅವಳದು ವಕೀಲು! ಒಂದಕ್ಷರ ಅವಳದೇ ಹೆಚ್ಚು. ಮನೆಯ ಮಾತುಕತೆಯಲ್ಲೂ ಈ ಲೆಕ್ಕ ಯಾವತ್ತೂ ತಪ್ಪಿಲ್ಲ.

ಆ ಸಲದ ಅಧ್ಯಯನಕ್ಕೆ ವಯಸ್ಸಾಗಿಯೂ ಕೀಲು ಗಟ್ಟಿಯಾಗಿರುವ ನಾಯಿಗಳು ಬೇಕಾಗಿದ್ದವು. ಕುಂಟುವ ನಾಯಿಗಳ ನಡಿಗೆಯನ್ನು ಅವುಗಳ ನಡಿಗೆಯ ಜೊತೆ ಹೋಲಿಸಿ ನೋಡಲು. ಎಲ್ಲಿಂದ ತರುವುದು ಎಂದು ಮೀಟಿಂಗಿನಲ್ಲಿ ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ ನಾನು ಎದ್ದು ನಿಂತೆ.

"ಹುಡುಕೋದ್ಯಾಕೆ? ನಮ್ಮನೇಲಿ ಸರದಾರ ಇದಾನಲ್ಲ! ನಾಳೆ ಬೆಳಿಗ್ಗೆ ಕರ್ಕೊಂಡು ಬರ್ತೀನಿ. ನಡಿಗೆ ಅಂದ್ರೆ ಏನು ಅಂತ ನಿಮ್ಮ ಯಂತ್ರ ಅವನನ್ನ ನೋಡಿ ಕಲೀಲಿ!"

ಸರದಾರ ನಮ್ಮ ಅತ್ತೆಯ ನಾಯಿ. ಅತ್ತೆ ನಮ್ಮ ಜೊತೆ ಇರಲು ಬಂದಾಗ ಒಂದು ಪೆಟ್ಟಿಗೆಯನ್ನೂ ಸರದಾರನನ್ನೂ ತಂದಿದ್ದರು. ಪೆಟ್ಟಿಗೆ ಮೂಲೆ ಸೇರಿತು. ಸರದಾರ ಸೋಫಾ ಸೇರಿದ. ಕಂದು ಮೈ, ನರೆತ ಮೂತಿ, ನಿವೃತ್ತ ಅಧಿಕಾರಿಯ ಗತ್ತು.

ನಾನು ಯಂತ್ರ ಎಂದದ್ದು ವಿಭಾಗದ ನಡಿಗೆ ಹಾಸನ್ನು. ಉದ್ದನೆಯ ಕಪ್ಪು ಹಾಸು. ಅದರ ಮೇಲೆ ನಾಯಿಯನ್ನು ನಡೆಸಿದರೆ ಯಾವ ಕಾಲಿನ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬುದು ಪರದೆಯ ಮೇಲೆ ಬಣ್ಣವಾಗಿ ಮೂಡುತ್ತದೆ. ಭಾರ ಹೆಚ್ಚಿದ್ದರೆ ಕೆಂಪು, ಕಡಿಮೆಯಿದ್ದರೆ ನೀಲಿ. ಇದರ ಉಸ್ತುವಾರಿ ನನ್ನ ಸಹೋದ್ಯೋಗಿಯಾದ ಇನ್ನೊಬ್ಬ ತಜ್ಞೆಯದು. ಅಳೆದು ನೋಡದೆ ಏನನ್ನೂ ನಂಬದ ಅವರಿಗೆ ವಿಭಾಗದಲ್ಲಿ 'ಮೀಟರ್ ಮೇಡಂ' ಎಂದೇ ಹೆಸರು.

ಮರುದಿನ ಬೆಳಿಗ್ಗೆ ಸರದಾರನನ್ನು ಹಾಸಿನ ಮೇಲೆ ನಿಲ್ಲಿಸಿ, ನಾನು ಚೈನು ಹಿಡಿದು ಪಕ್ಕದ ನೆಲದ ಮೇಲೆ ದಂಡಯಾತ್ರೆಗೆ ಹೊರಟವನಂತೆ ಹೆಜ್ಜೆ ಹಾಕಿದೆ. ಆ ತುದಿ ಮುಟ್ಟಿ ಹಿಂದಿರುಗಿ ನೋಡುತ್ತೇನೆ, ಮೀಟರ್ ಮೇಡಂ ಮುಖ ಸಪ್ಪಗಾಗಿದೆ.

"ಸರ್, ಇವನು ಕುಂಟ್ತಾ ಇದಾನೆ."

"ಯಾರು?"

"ಸರದಾರ. ಬಲಗಾಲೆಲ್ಲ ಕೆಂಪು, ಎಡಗಾಲು ನೀಲಿ. ಎಡ ಮುಂಗಾಲಿನ ಮೇಲೆ ಭಾರಾನೇ ಹಾಕ್ತಿಲ್ಲ."

ವಿಭಾಗದವರೆಲ್ಲ ಪರದೆಯ ಕಡೆ ನೋಡಿದರು; ಆಮೇಲೆ ನನ್ನ ಕಡೆ. ನನ್ನ ಎರಡು ಕಣ್ಣುಗಳಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಆದರೆ ನಾನೇನು ಅಷ್ಟಕ್ಕೆಲ್ಲ ಬಗ್ಗುವವನೇ?

"ನನಗೆ ಮೊದಲೇ ಅನುಮಾನ ಇತ್ತು!" ಎಂದುಬಿಟ್ಟೆ. "ಅದಕ್ಕೇ ತಂದದ್ದು. ನೋಡ್ತಾ ಇರಿ, ಮನೇಲೇ ಇಟ್ಕೊಂಡು ಇವನನ್ನ ಜಿಂಕೆ ಮಾಡಿ ತರ್ತೀನಿ!"

ಮನೆಗೆ ಬಂದು ಸುದ್ದಿ ಹೇಳಿದಾಗ ಅತ್ತೆ ಓದುತ್ತಿದ್ದ ಪೇಪರನ್ನು ಮಡಿಸಿಟ್ಟರು.

"ಅಳಿಯಂದ್ರೇ, ಬೆಳಿಗ್ಗೆ ಬೆಕ್ಕನ್ನ ಅಟ್ಟಿಸ್ಕೊಂಡು ಕಾಂಪೌಂಡ್ ಹಾರಿದಾನೆ ಅವನು. ಅವನಿಗೆಂಥ ಕುಂಟು?"

"ಅದೇ ಅತ್ತೆ ಅಪಾಯ! ಒಳಗೊಳಗೇ ಬೆಳೆಯೋ ಕಾಯಿಲೆ. ಸಾಮಾನ್ಯರ ಕಣ್ಣಿಗೆ ಕಾಣಲ್ಲ."

ಅಂದಿನಿಂದ ಮನೆಯಲ್ಲಿ ನನ್ನ ಆಡಳಿತ ಶುರುವಾಯಿತು. ನೆಲ ಜಾರಬಾರದೆಂದು ಹಾಲ್‌ನಿಂದ ಅಡುಗೆಮನೆಯವರೆಗೆ ರಬ್ಬರ್ ಹಾಸು ಹಾಸಿದೆ. ಸರದಾರ ಅದರ ಮೇಲೆ ಆರಾಮಾಗಿ ಓಡಾಡಿದ. ಅದರ ಅಂಚಿಗೆ ಎಡವಿ ಮನುಷ್ಯರಾದ ನಾವೆಲ್ಲ ಸರದಿಯ ಮೇಲೆ ಬಿದ್ದೆವು. ಮೆಟ್ಟಿಲು ಹತ್ತಬಾರದೆಂದು ಅಡ್ಡ ಗೇಟು ಹಾಕಿಸಿದೆ. ಸರದಾರ ಅದನ್ನು ಹಾರಿದ. ನನಗೆ ಹಾರಲು ಬಾರದೆ ಮಹಡಿಯ ನನ್ನ ಪುಸ್ತಕಗಳು ಅಲ್ಲೇ ಉಳಿದವು. ಅವನ ತೂಕ ಇಳಿಸಲು ಊಟ ಕಡಿಮೆ ಮಾಡಿದೆ. ಅವನು ನನ್ನ ಚಪ್ಪಲಿಯನ್ನು ತಿಂದು ಸರಿದೂಗಿಸಿಕೊಂಡ. ಎಡಗಾಲಿನದನ್ನೇ ತಿಂದ! ಇದು ರೋಗಲಕ್ಷಣವೋ ದ್ವೇಷವೋ ಎಂದು ನಾನು ಬಹಳ ಯೋಚಿಸಿದೆ.

ಕೊನೆಗೆ ಬಂದದ್ದು ಸೋಫಾದ ಪ್ರಶ್ನೆ. ನೆಲದಿಂದ ಸೋಫಾಕ್ಕೆ ಜಿಗಿದರೆ ಕೀಲಿಗೆ ಪೆಟ್ಟು. ಬಡಗಿಯಿಂದ ಒಂದು ಹಲಗೆ ಮಾಡಿಸಿ ಸೋಫಾಕ್ಕೆ ಇಳಿಜಾರಾಗಿ ಒರಗಿಸಿದೆ. ಸರದಾರ ಹಲಗೆಯನ್ನು ಮೂಸಿದ, ಒಂದು ಸುತ್ತು ಹಾಕಿದ, ಪಕ್ಕದಿಂದ ಟಣ್ಣನೆ ಸೋಫಾಕ್ಕೆ ಜಿಗಿದು ಮಲಗಿದ. ಇಳಿಸಿದೆ. ಮತ್ತೆ ಜಿಗಿದ. ಮಾತಿನಲ್ಲಿ ಹೇಳಿದರೆ ತಿಳಿಯದವರಿಗೆ ಮಾಡಿ ತೋರಿಸಬೇಕು! ನಾನೇ ನಾಲ್ಕು ಕಾಲಿನ ಮೇಲೆ ನಿಂತೆ.

"ನೋಡು ಸರದಾರ, ಮೊದಲು ಮುಂಗಾಲು... ಹಾಂ, ಹೀಗೆ... ಆಮೇಲೆ ನಿಧಾನಕ್ಕೆ ಹಿಂಗಾಲು..."

ಅರ್ಧ ಹತ್ತುವಷ್ಟರಲ್ಲಿ ಹಲಗೆ ಜಾರಿತು. ನಾನು ಸೋಫಾದ ಕೈ ಹಿಡಿದೆ. ಸೋಫಾ ನನ್ನನ್ನು ನಂಬಿ ನನ್ನ ಮೇಲೇ ಮಗುಚಿಕೊಂಡಿತು. ಸೋಫಾದ ಬೆನ್ನಿಗಿದ್ದ ಎತ್ತರದ ದೀಪ ಅದರ ಮೇಲೆ, ದೀಪದ ಮೇಲೆ ಕಿಟಕಿಯ ಪರದೆ. ಎಲ್ಲದರ ಮೇಲೆ ಸರದಾರ ಹತ್ತಿ ನಿಂತು, ಗೆದ್ದ ಕೋಟೆಯ ಮೇಲೆ ನಿಂತವನಂತೆ ಒಮ್ಮೆ ಬೊಗಳಿದ.

ಪರದೆಯಿಂದ ತಲೆ ಹೊರಗೆ ಹಾಕಿದಾಗಲೇ ನನಗೆ ಕಂಡದ್ದು: ಎದುರಿನ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದಾರೆ! ನನ್ನ ಹೆಂಡತಿಯ ಕಕ್ಷಿದಾರೆ. ಗಂಡನಿಂದ ಬೇರೆಯಾಗಬೇಕು ಎಂದು ಬಂದವರು. ನಾನು ನಾಲ್ಕು ಕಾಲಿನ ಮೇಲೆ ನಿಂತಾಗಿನಿಂದ ಎಲ್ಲವನ್ನೂ ನೋಡಿದ್ದಾರೆ. ಅಷ್ಟರಲ್ಲಿ ಸದ್ದು ಕೇಳಿ ಹೆಂಡತಿಯೂ ಓಡಿ ಬಂದಳು.

"ಇವರು ಯಾರು ಮೇಡಂ?" ಎಂದು ಆಕೆ ಮೆಲ್ಲಗೆ ಕೇಳಿದರು.

"ನಮ್ಮ ಯಜಮಾನ್ರು."

ಆಕೆ ಬ್ಯಾಗು ಎತ್ತಿಕೊಂಡು ಎದ್ದರು. "ಬೇಡ ಬಿಡಿ ಮೇಡಂ. ಇದನ್ನ ನೋಡಿದ್ಮೇಲೆ ನಮ್ಮೆಜಮಾನ್ರೇ ಎಷ್ಟೋ ವಾಸಿ ಅನ್ನಿಸ್ತಿದೆ."

ಹೀಗೆ ಒಂದು ಸಂಸಾರ ಉಳಿಯಿತು. ನಮ್ಮದು ಅಲುಗಾಡಿತು! ಆಕೆ ಗೇಟು ದಾಟುತ್ತಿದ್ದಂತೆ ನನ್ನ ಹೆಂಡತಿ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು ಪಾಟೀಸವಾಲು ಶುರು ಮಾಡಿದಳು. ಅವಳು ವಾದ ಮಂಡಿಸಿದ ವಿಷಯವೂ ಮಂಡಿಯೇ. ನನ್ನ ಮಂಡಿ.

"ಎದ್ದು ನಿಲ್ಲೋವಾಗ ಎಡ ಮಂಡಿ ಹಿಡ್ಕೊಂಡ್ರಲ್ಲ, ಯಾಕೆ?"

"ಧೂಳು ಒರೆಸಿದೆ."

"ಹೋದ ವಾರ ಕೋರ್ಟಿನ ಮೆಟ್ಟಿಲು ಇಳಿಯೋವಾಗ ಕಂಬಿ ಹಿಡ್ಕೊಂಡಿದ್ದು ನಿಜಾನೋ ಸುಳ್ಳೋ?"

"ಕಂಬಿ ಅಲ್ಲಾಡ್ತಿತ್ತು. ನಾನು ಆಧಾರ ಕೊಟ್ಟೆ."

"ರೀ, ನಿಮಗೆ ಮಂಡಿ ನೋವಿದೆ. ಒಂದ್ಸಲ ಡಾಕ್ಟರಿಗೆ ತೋರಿಸಿ ಅಂತ ಎಷ್ಟು ದಿನದಿಂದ ಬಡ್ಕೊತಿದೀನಿ!"

"ಡಾಕ್ಟರಿಗೇ ಡಾಕ್ಟರಾ? ಕೀಲಿನ ವಿಷಯದಲ್ಲಿ ನನಗೆ ಇನ್ನೊಬ್ಬ ಹೇಳಬೇಕಾ? ಏನೂ ಆಗಿಲ್ಲ ನನ್ನ ಮಂಡಿಗೆ!" ಎಂದು ಗುಡುಗಿ ಎದ್ದು ಹೋದೆ. ಬಾಗಿಲ ಚೌಕಟ್ಟಿಗೂ ಹೋಗುತ್ತಾ ಸ್ವಲ್ಪ ಆಧಾರ ಕೊಟ್ಟೆ.

ಇಷ್ಟೆಲ್ಲ ಆರೈಕೆಯ ನಂತರ ಸರದಾರನನ್ನು ಮತ್ತೆ ಹಾಸಿನ ಮೇಲೆ ನಡೆಸಿದೆ. ಕುಂಟು ಮೊದಲಿಗಿಂತ ಹೆಚ್ಚಾಗಿತ್ತು! ಬಲಗಾಲು ಕೆಂಡದಂತೆ ಕೆಂಪು. ಎಡಗಾಲು ಇದೆಯೋ ಇಲ್ಲವೋ ಎನ್ನುವಂತೆ ತೆಳುನೀಲಿ. ಎಕ್ಸ್‌ರೇ ತೆಗೆಸಿದೆ. ಕೀಲು ಕನ್ನಡಿಯಂತಿದೆ. ಒತ್ತಿ, ಮಡಚಿ, ಎಳೆದು ನೋಡಿದೆ. ಸರದಾರ ಆಕಳಿಸಿದ.

"ಸರ್, ನಾಯಿಗೆ ಏನೂ ಇಲ್ಲ ಅನ್ಸುತ್ತೆ," ಎಂದರು ಮೀಟರ್ ಮೇಡಂ.

"ಎಕ್ಸ್‌ರೇಗೆ ಕಾಣದೇ ಇರೋದು ನನಗೆ ಕಾಣುತ್ತೆ. ಅರಿವಳಿಕೆ ಕೊಟ್ಟು ಕೀಲಿನೊಳಗೆ ಕ್ಯಾಮೆರಾ ಇಳಿಸಿ ನೋಡೋಣ. ಸೋಮವಾರ!"

"ಈ ವಯಸ್ಸಿಗೆ ಅರಿವಳಿಕೆ ಅಂದ್ರೆ..."

"ನಾನಿದೀನಲ್ಲ!"

ಈ ಮಾತಿನಿಂದ ಅವರಿಗೆ ಧೈರ್ಯ ಬಂದಂತೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ಆ ಭಾನುವಾರ ನನಗೂ ಅನ್ನ ಸೇರಲಿಲ್ಲ. ಮುದಿ ನಾಯಿ, ಎಚ್ಚರವಾಗದಿದ್ದರೆ? ಆದರೆ ಹಿಂದೆ ಸರಿದರೆ ನನ್ನ ಮಾತಿಗೆ ಏನು ಬೆಲೆ?

ಸೋಮವಾರ ಬೆಳಿಗ್ಗೆ ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಿಗೆ ಅಡ್ಡವಾಗಿ ಅತ್ತೆ ನಿಂತಿದ್ದರು. ಪಕ್ಕದಲ್ಲಿ ಅವರ ವಕೀಲೆ, ಅಂದರೆ ನನ್ನ ಹೆಂಡತಿ.

"ಅಳಿಯಂದ್ರೇ, ನೀವು ಕತ್ತಿ ಹಿಡಿಯೋ ಮುಂಚೆ ಒಂದ್ಸಲ ನಾನು ಇವನನ್ನ ನಡೆಸ್ತೀನಿ. ನನ್ನ ಕಣ್ಣಾರೆ ಅವನು ಕುಂಟೋದು ನೋಡ್ಬೇಕು. ನೋಡಿದ ಮೇಲೆ ನಿಮ್ಮಿಷ್ಟ."

"ನಡೆಸಿ ಅತ್ತೆ, ಧಾರಾಳವಾಗಿ ನಡೆಸಿ! ಯಾರು ನಡೆಸಿದ್ರೂ ಕಾಲು ಅದೇ ಕಾಲು!"

ಎಲ್ಲರೂ ನಡಿಗೆ ಹಾಸಿನ ಬಳಿಗೆ ಬಂದೆವು. ಅತ್ತೆ ಚೈನು ಹಿಡಿದರು. ಇಬ್ಬರೂ ಸಂಜೆಯ ವಾಕಿಂಗಿಗೆ ಹೊರಟವರಂತೆ ಹಾಸಿನುದ್ದಕ್ಕೂ ಹೋಗಿ ಬಂದರು. ಪರದೆಯ ಮೇಲೆ ನಾಲ್ಕು ಕಾಲುಗಳ ಗುರುತು ಮೂಡಿತು. ಮುಂಗಾಲು ಎರಡೂ ಒಂದೇ ಬಣ್ಣ. ಹಿಂಗಾಲು ಎರಡೂ ಒಂದೇ ಬಣ್ಣ. ಪಠ್ಯಪುಸ್ತಕಕ್ಕೆ ಹಾಕಬಹುದಾದ ನಡಿಗೆ!

"ಹಾಸು ಕೆಟ್ಟಿದೆ!" ಎಂದು ಕಿರುಚಿದೆ.

"ಬೆಳಿಗ್ಗೆಯಿಂದ ಬೇರೆ ನಾಯಿಗಳೆಲ್ಲ ಸರಿಯಾಗಿ ಬಂದಿವೆ ಸರ್. ಈಗ ನೀವು ನಡೆಸಿ."

ನಡೆಸಿದೆ. ಕೆಂಪು, ನೀಲಿ. ಅತ್ತೆ ನಡೆಸಿದರು. ಸಮ. ನಾನು ನಡೆಸಿದೆ. ಕೆಂಪು, ನೀಲಿ. ಮೀಟರ್ ಮೇಡಂ ಪರದೆ ಬಿಟ್ಟು ನನ್ನ ಕಾಲುಗಳ ಕಡೆ ನೋಡಿದರು.

"ಸರ್... ಒಂದ್ಸಲ ನಾಯಿ ಇಲ್ದೆ, ನೀವೊಬ್ರೇ ಹಾಸಿನ ಮೇಲೆ ನಡೀತೀರಾ?"

"ಏನು? ನಾನಾ? ಯಾವ ಯಂತ್ರದ ಮುಂದೆಯೂ ನಾನು ಮಂಡಿಯೂರೋನಲ್ಲ!" ಎಂದೆ. (ಊರಲು ಸಾಧ್ಯವೂ ಇರಲಿಲ್ಲ, ಆ ಮಾತು ಬೇರೆ.)

"ಮಂಡಿಯೂರ್ಬೇಡಿ. ನಡೀರಿ ಸಾಕು," ಎಂದಳು ಹೆಂಡತಿ.

ಎದೆ ಉಬ್ಬಿಸಿ ನಡೆದೆ. ಯಂತ್ರ ಮೊದಲು ಸ್ವಲ್ಪ ಗಲಿಬಿಲಿಗೊಂಡು, ಉಳಿದ ಎರಡು ಕಾಲು ಸಿಗುತ್ತಿಲ್ಲ ಎಂದು ತಕರಾರು ತೆಗೆಯಿತು. ಆಮೇಲೆ ಚಿತ್ರ ಮೂಡಿತು. ಬಲಗಾಲು ಕಡುಗೆಂಪು; ಎಡಗಾಲು ತೆಳುನೀಲಿ.

ಆಗ ಮೀಟರ್ ಮೇಡಂ, ನಾನು ಸರದಾರನನ್ನು ನಡೆಸುವಾಗ ಹಾಸಿನ ಪಕ್ಕದ ಕ್ಯಾಮೆರಾ ನಮ್ಮಿಬ್ಬರನ್ನೂ ಚಿತ್ರೀಕರಿಸಿದ್ದ ವಿಡಿಯೋವನ್ನು ನಿಧಾನವಾಗಿ ಓಡಿಸಿ ತೋರಿಸಿದರು. ಸರದಾರ ನನ್ನ ಎಡಕ್ಕೆ ನಡೆಯುತ್ತಿದ್ದಾನೆ. ನನ್ನ ಎಡ ಮಂಡಿ ಕುಸಿದಾಗಲೆಲ್ಲ ನನ್ನ ಮೈಭಾರ ಅವನ ಬಲಭುಜದ ಮೇಲೆ ಹೋಗುತ್ತಿದೆ. ಅವನು ನನ್ನ ಹೆಜ್ಜೆ ಬೀಳುವ ಮೊದಲೇ ಕತ್ತೆತ್ತಿ ನನ್ನ ಮುಖ ನೋಡಿ, ಬಲಗಾಲು ಬಿಗಿಯಾಗಿ ಊರಿ ನನಗೆ ಒತ್ತಿಕೊಂಡು ನಿಲ್ಲುತ್ತಿದ್ದಾನೆ. ಅವನು ಕುಂಟುತ್ತಿರಲಿಲ್ಲ. ನಾನು ಬೀಳದಂತೆ ಹಿಡಿಯುತ್ತಿದ್ದ!

ತನಗೆ ಅರ್ಧ ಹೊಟ್ಟೆ ಊಟ ಹಾಕಿದವನನ್ನು, ತನ್ನ ಮೈಮೇಲೆ ಕತ್ತಿ ಆಡಿಸಲು ಹೊರಟವನನ್ನು! ನಾನು ಬಗ್ಗಿ ಅವನ ಬಲಭುಜ ಸವರಿದೆ. ಕಣ್ಣಿಗೆ ಏನೋ ಬಿದ್ದಂತಾಯಿತು.

"ಧೂಳಾ?" ಎಂದು ಹೆಂಡತಿ ಕೇಳಿದಳು.

ಗೇಟು, ಹಲಗೆ, ರಬ್ಬರ್ ಹಾಸು ಎಲ್ಲ ಅಂದೇ ಮನೆಯಿಂದ ಹೊರಬಿದ್ದವು. ಸರದಾರನಿಗೆ ತುಂಬಿದ ತಟ್ಟೆ ಬಂತು. ನನ್ನನ್ನು ಮಾತ್ರ ಮರುದಿನ ಮನುಷ್ಯರ ಮೂಳೆ ಡಾಕ್ಟರ ಬಳಿಗೆ ಎಳೆದುಕೊಂಡು ಹೋದರು. ಹೋದೆನೇ ಹೊರತು ಸೋತೆ ಎಂದುಕೊಳ್ಳಬೇಡಿ! ಮಂಡಿಯನ್ನು ಎಲ್ಲಿ ಒತ್ತಿ ನೋಡಬೇಕು ಎಂದು ಆ ಡಾಕ್ಟರಿಗೆ ನಾನೇ ಹೇಳಿಕೊಟ್ಟೆ. ಅವರು ಅಲ್ಲೇ ಒತ್ತಿದರು. ಹೊರಗೆ ಕಾಯುತ್ತಿದ್ದವರು ಒಳಗೆ ಇಣುಕಿ ನೋಡುವಂತೆ ಕೂಗಿದೆ.

"ಕೀಲು ಸವೆದಿದೆ. ಸ್ವಲ್ಪ ದಿನ ಓಡಾಟ ಕಡಿಮೆ ಮಾಡಿ, ಕಾಲು ಚಾಚ್ಕೊಂಡು ಒಂದು ಕಡೆ ಕೂತಿರಬೇಕು," ಎಂದರು ಡಾಕ್ಟರು.

"ನೋಡಿ ಸ್ವಾಮಿ, ನಾನೂ ಕೀಲಿನ ಡಾಕ್ಟರೇ. ಇಂಥ ಮಂಡಿ ಎಷ್ಟೋ ನೋಡಿದೀನಿ. ಇಷ್ಟಕ್ಕೆಲ್ಲ ಕೂರೋ ಜಾತಿ ಅಲ್ಲ ನಾನು!"

ಡಾಕ್ಟರು ನನ್ನ ಆಸೆ ಬಿಟ್ಟು ಹೆಂಡತಿಯ ಕಡೆ ತಿರುಗಿದರು.

"ಏನಮ್ಮ, ಇವರು ಹೇಳಿದ ಮಾತು ಕೇಳ್ತಾರಾ?"

ಅವಳು ನ್ಯಾಯಾಧೀಶರ ಮುಂದೆ ನಿಂತಷ್ಟೇ ಗಂಭೀರವಾಗಿ ಯೋಚಿಸಿದಳು.

"ಊಟಕ್ಕೆ ಕರೆದ್ರೆ ಓಡಿ ಬರ್ತಾರೆ ಡಾಕ್ಟ್ರೇ. 'ಕೂತ್ಕೋ' ಅನ್ನೋದೊಂದು ಮಾತ್ರ ಇನ್ನೂ ಕಲಿತಿಲ್ಲ."