ಪ್ರೇತರಾಯನ ಸರದಿ

ಮೈಲೂರಿನ ಆ ಗಲ್ಲಿಗೆ ನೀರು ತರುತ್ತಿದ್ದ ಟ್ಯಾಂಕರಿನ ಪೈಪು ನಾಲ್ಕು ಮಾರು ಗಿಡ್ಡವಾಗಿತ್ತು. ಆದದ್ದೆಲ್ಲ ಅದರಿಂದಲೇ ಆದದ್ದು. ಟ್ಯಾಂಕರು ಗಲ್ಲಿಯ ಮೇಲಿನ ತುದಿಯಲ್ಲಿ, ಗಾಂಧಿ ಗಂಜದ ಕಾಳುಪೇಟೆಯ ದಲಾಲ ಪಂಢರಿಯ ಬಾಗಿಲಿಗೆ ನಿಲ್ಲುತ್ತಿತ್ತು. ಮೇಲಿನ ಹನ್ನೆರಡು ಮನೆಗಳು ತುಂಬಿಕೊಂಡ ಮೇಲೆ ಕೆಳಗಿನವರ ಕೊಡಗಳಿಗೆ ಮೊದಲು ಪೈಪಿನ ಕೆಮ್ಮು, ಆಮೇಲೆ ಕೆಸರು ಬರುತ್ತಿತ್ತು. ಕೆಳಗಿನ ಕಟ್ಟಕಡೆಯ ಮನೆ ಡ್ರಾಯಿಂಗ್ ಮಾಸ್ತರ ಮಚ್ಛೇಂದ್ರನದು.

ಎರಡು ವರ್ಷ ಮಳೆ ಕೈಕೊಟ್ಟ ಮೇಲಿನ ಬೇಸಿಗೆ ಅದು. ಗಲ್ಲಿಯ ಮೂರು ಮನೆಯವರು ಬೀಗ ಹಾಕಿ ಕಟ್ಟಡ ಕೆಲಸಕ್ಕೆ ಹೈದರಾಬಾದಿಗೆ ಹೋಗಿದ್ದರು. ಅವರು ಹೋದರೂ ಅವರ ಕೊಡಗಳು ಸಾಲಿನಲ್ಲಿ ನಿಂತೇ ಇದ್ದವು. ದುಡಿಯಲು ಹೋದವರ ಸರದಿ ಕೆಡಿಸಬಾರದು ಎಂಬುದು ಗಲ್ಲಿಯ ರಿವಾಜು. ಆ ಕೊಡಗಳನ್ನು ತುಂಬಿ ತನ್ನ ಡ್ರಮ್ಮಿಗೆ ಸುರಿದುಕೊಳ್ಳುವ ಪುಣ್ಯದ ಕೆಲಸವನ್ನು ಪಂಢರಿ ಯಾರೂ ಹೇಳದೆಯೇ ವಹಿಸಿಕೊಂಡಿದ್ದ.

ಟ್ಯಾಂಕರು ತನಗೆ ಮನಸ್ಸು ಬಂದಾಗ ಬರುವುದು. ಕಾಯುವ ಬೇಸರಕ್ಕೆ ಮಚ್ಛೇಂದ್ರ ಒಂದು ಆಟ ಹೂಡಿದ್ದ. ಹಳೆಯ ಬಾಗಿಲ ಹಲಗೆಯ ಮೇಲೆ ಅವನೇ ಆಟದ ಮನೆಗಳನ್ನು ಬರೆದ, ಮೂಲೆಗೆ ಕೋಟೆ ಬಿಡಿಸಿದ. ಬಿದರಿ ಕೆಲಸದ ಕುತುಬೋದ್ದೀನ ಉಳಿದ ಸತುವಿನಲ್ಲಿ ಬೆರಳುದ್ದದ ಗೊಂಬೆಗಳನ್ನು ಎರಕ ಹೊಯ್ದುಕೊಟ್ಟ. ಬಿಳಿಯವು ಕೋಟೆಯ ಸಿಪಾಯಿಗಳು ಮತ್ತು ಅವರ ನಾಯಕ ಕಿಲ್ಲೇದಾರ. ಬಿದರಿಗೆ ಬಳಸುವ ಊರ ಕೋಟೆಯ ಮಣ್ಣು ತಿಕ್ಕಿ ಕಪ್ಪು ಮಾಡಿದವು ಹೆಣಗಳ ಪಡೆ. ಅದರ ನಾಯಕ ಪ್ರೇತರಾಯ. ಯಾರ ನಾಯಕ ಬೀಳುತ್ತಾನೋ ಅವರು ಸೋತಂತೆ. ಹೆಣಗಳಿಗೆಂದು ಮಚ್ಛೇಂದ್ರ ಬೇರೆಯೇ ಕಾಯ್ದೆ ಮಾಡಿ, ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಿಂದ ಬರೆದಿಟ್ಟಿದ್ದ. ಶಾಲೆಯಲ್ಲಿ ಅವನ ಮಾತು ಜವಾನನೂ ಕೇಳುತ್ತಿರಲಿಲ್ಲ. ಇಲ್ಲಿಯಾದರೂ ತನ್ನ ಕಾಯ್ದೆ ನಡೆಯುತ್ತದೆಂದು ಅವನಿಗೆ ಒಳಗೊಳಗೇ ಹಿಗ್ಗು.

ಆ ದಿನ ಬೆಳಿಗ್ಗೆ ಹೆಂಡತಿ ಸುಭದ್ರಾಬಾಯಿ ಕೆಸರಿನ ಕೊಡ ತಂದು ಅವನ ಮುಂದಿಟ್ಟಳು. ಇವತ್ತು ಎರಡು ಕೊಡ ಚೊಕ್ಕ ನೀರು ಮನೆಗೆ ಬರದಿದ್ದರೆ ತಾನು ಔರಾದದ ಬಸ್ಸು ಹತ್ತಿ ತವರಿಗೆ ಹೋಗುವುದಾಗಿ ಹೇಳಿದಳು. ತವರಿನ ಬಾವಿಯೂ ಬತ್ತಿದೆಯಲ್ಲ ಎಂದು ಮಚ್ಛೇಂದ್ರ ನೆನಪಿಸಿದ. ಅಲ್ಲಿ ಮಾತಾದರೂ ಕೇಳುವವರಿದ್ದಾರೆ ಎಂದಳು.

ಟ್ಯಾಂಕರಿನವನು ಕೇಳುತ್ತಿದ್ದುದು ಪಂಢರಿಯ ಮಾತನ್ನೇ. ಮಚ್ಛೇಂದ್ರ ಧೈರ್ಯ ಮಾಡಿ ಅವನ ಬಳಿ ಹೋದ. ಟ್ಯಾಂಕರನ್ನು ಒಂದು ದಿನವಾದರೂ ಕೆಳಗೆ ಬಿಡಬೇಕೆಂದು ಕೇಳಿದ. ಗಂಜದಲ್ಲಿ ತೊಗರಿಯ ಒಂದು ಚೀಲವೂ ಇಲ್ಲದೆ ಆಕಳಿಸುತ್ತ ಕುಳಿತಿದ್ದ ಪಂಢರಿಗೆ ಇದೊಂದು ಮೋಜು ಸಿಕ್ಕಿತು.

"ನಿಮ್ಮ ಆಟದಾಗ ನನ್ನ ಸೋಲಸ್ರಿ ಮಾಸ್ತರ. ಗೆದ್ರ ಮಳಿ ಬರೋತನ ಟ್ಯಾಂಕರ್ ನಿಮ್ಮ ಬಾಗಲಿಗೇ ನಿಂದ್ರತದ," ಅಂದ. ಬಿಳಿ ಗೊಂಬೆಗಳನ್ನು ತಾನೇ ಆರಿಸಿಕೊಂಡ. ಹೆಣಗಳನ್ನು ಯಾರು ತಾನೆ ಕೇಳಿ ತೆಗೆದುಕೊಳ್ಳುತ್ತಾರೆ?

ಕೊಡಗಳ ಸಾಲಿನ ನಡುವೆ ಹಲಗೆ ಹಾಸಿದರು. ಇಡೀ ಗಲ್ಲಿ ಸುತ್ತ ಕೂತಿತು. ಭಾಲ್ಕಿಯಿಂದ ಬಂದು ಗಲ್ಲಿಯಲ್ಲೇ ನೆಲೆಸಿದ್ದ ಏಕನಾಥ ಒಂದು ದವಾಖಾನೆಯಲ್ಲಿ ಕಂಪೌಂಡರ್; ಯಾರು ಸತ್ತರು, ಯಾರು ಸತ್ತಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿರುತ್ತದೆಂದು ಅವನನ್ನೇ ಪಂಚನನ್ನಾಗಿ ಮಾಡಿದರು.

ಮೊದಲನೇ ಹೆಣ ಬಿದ್ದಾಗಲೇ ತಕರಾರು. ಪಂಢರಿ ಅದನ್ನು ಎತ್ತಿ ಕಿಸೆಗೆ ಹಾಕಿಕೊಂಡ. ಮಚ್ಛೇಂದ್ರ ನೋಟ್‌ಬುಕ್ಕು ತೋರಿಸಿದ: ಬಿದ್ದ ಹೆಣವನ್ನು ಬಿದ್ದಲ್ಲಿಯೇ ಮಲಗಿಸಬೇಕು, ಅದರ ಸರದಿಗೆ ದಾಳ ಎಸೆಯಬೇಕು, ನಾಲ್ಕು ಅಥವಾ ಹೆಚ್ಚು ಬಿದ್ದರೆ ಅದು ಎದ್ದು ನಿಲ್ಲುತ್ತದೆ.

"ಸತ್ತಾಂವಗ ಎಲ್ಲಿ ಸರದಿ ಇರ್ತದ್ರಿ?" ಎಂದ ಪಂಢರಿ.

ಅರ್ಧ ಗಲ್ಲಿ ಅವನ ಕಡೆ ತಲೆದೂಗಿತು. ಏಕನಾಥ ಗೊಂಬೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ಪರೀಕ್ಷಿಸಿ, ನಾಡಿ ಇಲ್ಲವೆಂದು ಹೇಳಿದ. ಆಗ ಮಾತಾಡಿದವಳು ಕೆಳಗಿನ ಮನೆಯ ವಜೀರಬೀ.

"ಹೈದರಾಬಾದಿಗಿ ಹೋದೋರ ಕೊಡ ನಿನ್ನ ಬಾಜೂಕ ನಿಂತಾವ ನೋಡು ಪಂಢರಿ. ಇಲ್ಲದೋರ ಸರದಿ ನಡೀತದಂದ್ರ, ಬಿದ್ದೋರ ಸರದಿ ಯಾಕ ನಡಿಬಾರದು?"

ಎಲ್ಲರೂ ಆ ಮೂರು ಕೊಡಗಳನ್ನು ನೋಡಿದರು, ಆಮೇಲೆ ಪಂಢರಿಯ ಡ್ರಮ್ಮನ್ನು ನೋಡಿದರು. ಪಂಢರಿ ಹೆಣವನ್ನು ಕಿಸೆಯಿಂದ ತೆಗೆದು ಮಲಗಿಸಿದ.

ಕಾಯ್ದೆಯೇನೋ ಉಳಿಯಿತು, ದಾಳ ಮಾತ್ರ ಮಚ್ಛೇಂದ್ರನ ಮಾತು ಕೇಳಲಿಲ್ಲ. ಒಂದು, ಎರಡು, ಮತ್ತೆ ಒಂದು. ಅವನ ಹೆಣಗಳು ನಿಜವಾದ ಹೆಣಗಳಂತೆ ಬಿದ್ದುಕೊಂಡವು. ಹಿಂದೆ ಕೂತವರು ತಲೆಗೊಂದು ಸಲಹೆ ಕೊಟ್ಟರು. ಯಾರೋ ಒಬ್ಬರು ಬಿಳಿ ಪಡೆಯ ಪರವಾಗಿ ಹಲಗೆಯ ಮೇಲೆ ನಿಂಬೆಹಣ್ಣು ಇಟ್ಟರು, ಅದನ್ನು ತೆಗೆಸಲು ಅರ್ಧ ತಾಸು ಹೋಯಿತು. ಮೂರು ಗಂಟೆಯ ಹೊತ್ತಿಗೆ ಕಪ್ಪು ಕಡೆ ಪ್ರೇತರಾಯನೊಬ್ಬನೇ ನಿಂತಿದ್ದ. ಎದುರಿಗೆ ಕಿಲ್ಲೇದಾರ, ಅವನಿಗೆ ಅಂಟಿಕೊಂಡು ಒಬ್ಬ ಕಾವಲಿನ ಸಿಪಾಯಿ. ಪಂಢರಿ ಆಗಲೇ ಗೆದ್ದ ಖುಷಿಗೆ ಎಲ್ಲರಿಗೂ ಚಹಾ ಹೇಳಿದ್ದ.

ಮಚ್ಛೇಂದ್ರನಿಗೆ ಔರಾದದ ಬಸ್ಸು ಕಣ್ಣ ಮುಂದೆ ಬಂತು. ದಾಳ ಎಸೆದ. ಐದು. ಪ್ರೇತರಾಯ ಮುಂದೆ ಸರಿದು ಕಾವಲಿನ ಸಿಪಾಯಿಯನ್ನು ಕೆಡವಿದ. ಅದರಿಂದೇನಾಯಿತು ಎಂದು ಪಂಢರಿ ನಕ್ಕ. ಮಚ್ಛೇಂದ್ರ ಎದ್ದು ನಿಂತು, ಜೀವನದಲ್ಲಿ ಮೊದಲ ಸಲ ದನಿ ಏರಿಸಿ, ನಾಯಕನ ಕಾಯ್ದೆ ಓದಿದ: "ಪ್ರೇತರಾಯನ ಕೈಯಲ್ಲಿ ಬಿದ್ದವನು ಅವನ ಕಡೆಯವನಾಗಿಯೇ ಏಳತಕ್ಕದ್ದು. ಹೊಸದಾಗಿ ಸೇರಿದವನ ನಡೆ ಕೂಡಲೇ, ಎಲ್ಲರಿಗಿಂತ ಮೊದಲು ನಡೆಯತಕ್ಕದ್ದು."

ಪಂಢರಿ ಒಪ್ಪಲಿಲ್ಲ. ಮಚ್ಛೇಂದ್ರ ಹಲಗೆ ಗುದ್ದಿ, ಬರೆದದ್ದು ಬರೆದದ್ದೇ, ಆಟಕ್ಕೂ ಗಲ್ಲಿಗೂ ಇದೇ ಕಾಯ್ದೆ ಎಂದು ಸಾಧಿಸಿದ. ಏಕನಾಥ ಮೂರು ಸಲ ಓದಿ ಹೌದೆಂದ. ಕುತುಬೋದ್ದೀನ ಬೆರಳಿಗೆ ಮಸಿ ಹಚ್ಚಿಕೊಂಡು ಬಿಳಿ ಸಿಪಾಯಿಯ ಮುಖಕ್ಕೆ ಒರೆಸಿದ. ಆ ಸಿಪಾಯಿ ಎದ್ದು, ಪಕ್ಕದಲ್ಲೇ ಇದ್ದ ತನ್ನ ಕಿಲ್ಲೇದಾರನನ್ನು ಕೆಡವಿದ.

ಕೆಳಗಿನ ಗಲ್ಲಿ ಕೊಡಗಳನ್ನೇ ಬಾರಿಸಿತು. ಮಚ್ಛೇಂದ್ರನ ತಲೆಗೆ ಟವೆಲಿನ ರುಮಾಲು ಸುತ್ತಿದರು. ನಾಲ್ಕೂವರೆಗೆ ಟ್ಯಾಂಕರು ಹಾರ್ನ್ ಹಾಕುತ್ತ ಹಿಂದಕ್ಕೆ ಬಂದು ಅವನ ಬಾಗಿಲಿಗೇ ನಿಂತಾಗ, ಅವನಿಗೆ ತನ್ನ ಎತ್ತರ ಒಂದು ಗೇಣು ಹೆಚ್ಚಾದಂತೆ ಅನ್ನಿಸಿತು. ಸುಭದ್ರಾಬಾಯಿ ತೊಳೆದ ಎರಡು ಕೊಡ ಹಿಡಿದು ಬಂದಳು. ಗಂಡನನ್ನು ಅಷ್ಟು ಪ್ರೀತಿಯಿಂದ ಅವಳು ನೋಡಿ ವರ್ಷಗಳೇ ಆಗಿದ್ದವು.

ಮಚ್ಛೇಂದ್ರ ಪೈಪಿಗೆ ಕೈ ಹಾಕಿದ. ಅದರ ಬಾಯಿಗೆ ಪಂಢರಿಯ ಕೈ ಅಡ್ಡ ಬಂತು. ಅವನ ಹಿಂದೆ ಮೇಲಿನ ಹನ್ನೆರಡೂ ಮನೆಯವರು ಕೊಡ, ಬಕೆಟ್ಟು, ಆ ಡ್ರಮ್ಮು ಸಮೇತ ನಿಂತಿದ್ದರು.

"ನಾವು ನಿಮ್ಮ ಕೈಯಾಗ ಬಿದ್ದೇವ್ರಿ ಮಾಸ್ತರ," ಎಂದು ಪಂಢರಿ ಕೈ ಮುಗಿದ. "ಈಗ ನಿಮ್ಮ ಕಡಿ ಮಂದಿನೇ ಆದೇವಿ. ಹೊಸದಾಗಿ ಸೇರಿದೇವಿ."

ಮಚ್ಛೇಂದ್ರ ಏಕನಾಥನ ಮುಖ ನೋಡಿದ. ಏಕನಾಥ ನೋಟ್‌ಬುಕ್ಕು ತೆರೆದು ನಾಲ್ಕನೇ ಸಲ ಓದಿ, ಮೊದಲ ನಡೆ ಅವರದೇ ಎಂದು ತೀರ್ಪು ಕೊಟ್ಟ.

ಹೊಸಬರು ತುಂಬಿಕೊಂಡರು. ಒಬ್ಬೊಬ್ಬರೂ ಹೋಗುವಾಗ ಮಚ್ಛೇಂದ್ರನಿಗೆ ಸಲಾಮು ಮಾಡಿ, ಎಂಥಾ ಕಾಯ್ದೆ ಬರೆದಿರಿ ಎಂದು ಹೊಗಳಿದರು. ಅವನು ರುಮಾಲು ಸರಿಪಡಿಸಿಕೊಳ್ಳುತ್ತ ಎಲ್ಲರ ಸಲಾಮನ್ನೂ ಸ್ವೀಕರಿಸಿದ. ಸಿಟ್ಟು ಬರಬೇಕಾಗಿತ್ತು, ಬಂದದ್ದು ಹೆಮ್ಮೆ. ಅವನ ಸರದಿ ಬರುವಷ್ಟರಲ್ಲಿ ಪೈಪು ಕೆಮ್ಮತೊಡಗಿತು.

ಸುಭದ್ರಾಬಾಯಿ ಕೊಡದೊಳಗೆ ಇಣುಕಿದಳು. ತಳದಲ್ಲಿ ನಾಲ್ಕು ಬೆರಳು ಕೆಸರಿತ್ತು. ಗಂಡನ ರುಮಾಲು ನೋಡಿದಳು, ಅವಳಿಗೆ ನಗು ತಡೆಯಲಿಲ್ಲ.

"ಗೆದ್ದದ್ದು ಚೊಲೊ ಆತ್ರಿ," ಅಂದಳು. "ನಾಳಿಗಿ ಸೋತು ಬರ್ರಿ."