ನಮ್ಮನೆಯ ಮೆಣಸಿನಕಾಯಿ ಕೋರ್ಟು

ಅಧಿಕಾರವೆಲ್ಲ ಒಬ್ಬರ ಕೈಯಲ್ಲೇ ಸೇರಬಾರದು ಎಂದು ಚಿಕ್ಕಂದಿನಿಂದಲೂ ನಂಬಿದವಳು ನಾನು. ಶಾಸನ ಮಾಡುವವರು ಬೇರೆ, ಜಾರಿ ಮಾಡುವವರು ಬೇರೆ, ತೀರ್ಪು ಕೊಡುವವರು ಬೇರೆ, ಅದೇ ಡೆಮಾಕ್ರಸಿ ಎಂದು ಕಾನ್ವೆಂಟಿನಲ್ಲಿ ಸಿವಿಕ್ಸ್ ಸಿಸ್ಟರ್ ಹೇಳಿಕೊಟ್ಟಿದ್ದರು. ಆದರೆ ಕ್ಲಾಸಿನಲ್ಲಿ ಕನ್ನಡ ಆಡಬಾರದೆಂದು ರೂಲ್ ಮಾಡಿದವರೂ ಅವರೇ, ಕಿಟಕಿಯ ಹೊರಗೆ ನಿಂತು ಕೇಳಿ ಹಿಡಿದವರೂ ಅವರೇ, ಬೆಂಚಿನ ಮೇಲೆ ನಿಲ್ಲಿಸಿದವರೂ ಅವರೇ. ಮದುವೆಯಾಗಿ ಹೊನ್ನಾಳಿಗೆ ಬಂದರೆ ಇಲ್ಲಿ ಅತ್ತೆಯವರದು ಪೂರಾ ಮೊನಾರ್ಕಿ. ಪಾಪ, ಪ್ರೀತಿಯ ದೊರೆ. ಅವರ ಗದರಿಕೆಯಿಲ್ಲದ ಅಡುಗೆಮನೆ ಈಗಲೂ ನನಗೆ ಸ್ವಲ್ಪ ದೊಡ್ಡದೆನಿಸುತ್ತದೆ.

ಈಗಿನದು ಸೊಸೆ ವೀಣಾಳ ಸರ್ಕಾರ. ನನಗೂ ಯಜಮಾನರಿಗೂ ಬಿ.ಪಿ. ಎಂದು ಡಾಕ್ಟರು ಹೇಳಿದ ದಿನವೇ ಆರ್ಡಿನೆನ್ಸ್ ಹೊರಟಿತು. "ಅತ್ತೆ, ಇನ್ಮ್ಯಾಲೆ ಅಂಗಡಿ ಮೆಣಸಿನಕಾಯಿ ಬಂದ್." ನಮ್ಮ ಸೀಮೆಯಲ್ಲಿ ಸಂಜೆಯೆಂದರೆ ಮಂಡಕ್ಕಿ, ಪಕ್ಕದಲ್ಲಿ ಬಿಸಿ ಮೆಣಸಿನಕಾಯಿ ಬಜ್ಜಿ; ಬಾಯಿಮಾತಿನಲ್ಲಿ ಬರೀ ಮೆಣಸಿನಕಾಯಿ. ನೆಂಟರು ಬಂದರೂ ಅದೇ, ಜಗಳ ಮುಗಿದರೂ ಅದೇ. ನಾನು ಹೇಗೆ ಬಿಡಲಿ? ಕದ್ದು ತಿಂದೆ. ನನ್ನ ಸೆರಗಿನ ವಾಸನೆ ಹಿಡಿದು ಕಳ್ಳತನ ಪತ್ತೆ ಮಾಡಿದವಳೂ ವೀಣಾ, "ನಾಳೆ ಉಪ್ಪಿಲ್ಲದ ಸಾರು" ಎಂದು ಶಿಕ್ಷೆ ಕೊಟ್ಟವಳೂ ವೀಣಾ.

ನಾನು ಪ್ರೊಟೆಸ್ಟ್ ಮಾಡಿದೆ. ಅಮೆರಿಕದ ಪ್ರೆಸಿಡೆಂಟರು ಶಾಸನಸಭೆಯ ಮೆಂಬರ್ ಆಗುವಂತಿಲ್ಲ, ನಮ್ಮಲ್ಲಿ ಮಂತ್ರಿಗಳು ಸಭೆಯೊಳಗೇ ಕೂರುತ್ತಾರೆ, ಆದರೆ ಎರಡು ಕಡೆಯೂ ಕೋರ್ಟು ಮಾತ್ರ ಬೇರೆ ಎಂದು ದೊಡ್ಡ ಲೆಕ್ಚರ್ ಕೊಟ್ಟೆ. ಅವರೆಕಾಯಿ ಸುಲಿಯುತ್ತಿದ್ದ ವೀಣಾ ತಲೆ ಎತ್ತಲಿಲ್ಲ.

"ಆತು ಬಿಡ್ರಿ ಅತ್ತೆ. ರೂಲ್ ಮಾಡೋದು ನಂದು, ಕಾಯೋದು ಮಾವಾರದು, ತೀರ್ಪು ನಿಮ್ದು. ಸಾಕಾ?"

ಸಾಕಾಗದೆ ಏನು? ಎಕ್ಸಿಕ್ಯುಟಿವ್ ನನ್ನ ಗಂಡ, ಕೋರ್ಟು ನಾನು. ಇನ್ನು ಮೆಣಸಿನಕಾಯಿ ತಿನ್ನಲು ಯಾರ ಭಯ ಎಂದುಕೊಂಡೆ.

ಅದೇ ವಾರ ವೀಣಾ ಯಜಮಾನರನ್ನೇ ಹಿಡಿದು ತಂದು ನನ್ನ ಮುಂದೆ ನಿಲ್ಲಿಸಿದಳು. ವಾಕಿಂಗಿನಿಂದ ಬಂದವರ ಜುಬ್ಬದ ಜೇಬಿಗೆ ಎಣ್ಣೆ ಇಳಿದಿತ್ತು. ಪೇಪರ್ ಬಿಚ್ಚಿದರೆ ಒಂದು ಮೆಣಸಿನಕಾಯಿ, ಇನ್ನೂ ಬಿಸಿ.

"ಏನ್ರೀ ಇದು?" ಎಂದೆ, ಜಡ್ಜಿಗೆ ತಕ್ಕ ಗಾಂಭೀರ್ಯದಿಂದ.

"ನಂದು ಅಲ್ಲೇ ತಿಂದು ಮುಗಿಸಿದೆ. ಇದು ಜಡ್ಜಮ್ಮಾರಿಗೆ ಅಂತ ತಂದಿದ್ದು" ಎಂದರು ಆ ಪುಣ್ಯಾತ್ಮರು.

ಬಿಟ್ಟರೆ ಕೋರ್ಟಿನ ಮಾನ ಹೋಗುತ್ತದೆ. ಶಿಕ್ಷಿಸಿದರೆ ನಾಳೆಯಿಂದ ತಂದುಕೊಡುವವರಿಲ್ಲ. ತೀರ್ಪು ಕಾಯ್ದಿರಿಸಿದ್ದೇನೆ ಎಂದು ಹೇಳಿ, ಮುದ್ದೆಮಾಲನ್ನು ಕೋರ್ಟಿನ ವಶಕ್ಕೆ ತೆಗೆದುಕೊಂಡು, ರೂಮಿಗೆ ನಡೆದೆ.

ಸ್ವಲ್ಪ ಹೊತ್ತಿಗೆ ವೀಣಾ ಬಾಗಿಲಲ್ಲಿ ನಿಂತಿದ್ದಳು. "ಅತ್ತೆ, ಮುದ್ದೆಮಾಲು ಎಲ್ಲೈತ್ರಿ?"

ಬಾಯಿ ತುಂಬಿದ್ದರಿಂದ ಕೋರ್ಟು ಉತ್ತರ ಕೊಡಲಿಲ್ಲ.

"ಜಡ್ಜನ್ನ ತೆಗ್ಯಾಕೆ ಪಾರ್ಲಿಮೆಂಟಿಗೆ ಪವರ್ ಐತೆ ಕಣವ್ವ. ನಂದೂ ಒಂದು ವೋಟು ಬರ್ಕೊ" ಎಂದರು ಅವಳ ಹಿಂದಿನಿಂದ ಯಜಮಾನರು. ನನಗೋಸ್ಕರ ಜೇಬು ಎಣ್ಣೆ ಮಾಡಿಕೊಂಡ ಮನುಷ್ಯ! ವೀಣಾ ನಕ್ಕು ನಕ್ಕು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನಾನು ಅಲ್ಲಿಯೇ ಪದಚ್ಯುತಳಾದೆ.

ಈಗ ಮೂರೂ ಅಧಿಕಾರ ಮತ್ತೆ ವೀಣಾಳ ಬಳಿಯೇ ಇವೆ. ಭಾನುವಾರ ಸಂಜೆ ಅವಳೇ ಮೆಣಸಿನಕಾಯಿಯ ಬೀಜ ತೆಗೆದು, ಕರಿದು, ನಮ್ಮಿಬ್ಬರಿಗೂ ಅರ್ಧರ್ಧ ಕೊಡುತ್ತಾಳೆ. "ಸುಡ್ತೈತೆ, ಊದ್ಕೊಂಡು ತಿನ್ರಿ" ಎನ್ನುತ್ತಾಳೆ. ಡೆಮಾಕ್ರಸಿಯ ಮೇಲೆ ಲೆಕ್ಚರ್ ಕೊಟ್ಟ ನಾನು ಅರ್ಧ ಮೆಣಸಿನಕಾಯಿಗೆ ಅದನ್ನು ಮಾರಿಕೊಂಡು ಕೂತಿದ್ದೇನೆ. ಇನ್ನರ್ಧ ಕೊಟ್ಟರೆ ದೊರೆಸಾನಿಗೆ ಬಹುಪರಾಕು ಹೇಳಲೂ ಸಿದ್ಧ.