ಹೆಣ್ಣು ನೋಡಲು ಬಂದವರು ಹೇನು ನೋಡಿದ್ದು

"ನನ್ನ ಉಸ್ರು ಇರೋಗಂಟ ಈ ಗುಬ್ಬಿಗೂಡ್ನ ಯಾರೂ ಮುಟ್ಟಕೂಡ್ದು!"

ಹನುಮಂತನಪಟ್ಟಿಯ ಪೆರಿಯಣ್ಣನ್ ಹೀಗೆ ಘೋಷಿಸಿದಾಗ ಪೆರಿಯಾರ್ ನದಿಯ ಅಣೆಕಟ್ಟು ಇನ್ನೂ ಮುಗಿದಿರಲಿಲ್ಲ. ಬಾವಿಯ ನೀರೆತ್ತುವ ಕಪಿಲೆಯ ಕಿರುಗುಟ್ಟುವಿಕೆಗೆ ಊರು ಏಳುತ್ತಿತ್ತು. ಗುಬ್ಬಿಗಳಂತೂ ಮನೆಯವರಿಗಿಂತ ಹೆಚ್ಚು ಹಕ್ಕಿನಿಂದ ಮನೆಯೊಳಗೆ ಓಡಾಡುತ್ತಿದ್ದವು. ಎಂಥ ಸವಿಗಾಲ! ಗುಬ್ಬಿ ಸಂಸಾರ ಹೂಡಿದ ಸೂರಿನಡಿ ಮದುವೆ ಕೂಡಿಬರುತ್ತದೆ ಎಂಬುದು ಪೆರಿಯಣ್ಣನ್‌ನ ಅಚಲ ಸಿದ್ಧಾಂತ.

"ಮರಿ ಹಾರೋದ್ವಲ್ಲ ಮಾಮಾ," ಎಂದಳು ಹೆಂಡತಿ ಮಾರಿಯಮ್ಮಾಳ್. "ಗೂಡು ತುಂಬ ಗುಬ್ಬಿಹೇನೈತೆ. ಮರಿ ರಕ್ತ ಸಿಕ್ಕದಿದ್ರೆ ನಮ್ಮ ರಕ್ತಕ್ಕೇ ಇಳೀತವೆ."

"ಇಳೀಲಿ! ಪೆರಿಯಣ್ಣನ್ ರಕ್ತ ಕುಡಿದ್ರೆ ಅವಕ್ಕೂ ಮೀಸೆ ಬರ್ತದೆ!"

ಅಂದೇ ಮಗಳು ತಿಲಗವತಿಯನ್ನು ನೋಡಲು ಚಿನ್ನಮನೂರಿನವರು ಬರುವವರಿದ್ದರು. ವರ ಕಾಳಿಮುತ್ತುವನ್ನು ಅವಳು ಸಂತೆಯಲ್ಲಿ ಕಂಡಿದ್ದಳು. ಮನಸ್ಸು ಆಗಲೇ ಅಲ್ಲಿ ನಿಂತುಬಿಟ್ಟಿತ್ತು.

ಗಾಡಿ ಬಂತು. "ವಾಂಗೊ, ವಾಂಗೊ! ಬನ್ನಿ, ಇದೇ ಮಂಗಳದ ಜಾಗ!" ಎಂದು ಪೆರಿಯಣ್ಣನ್ ವರನ ತಾಯಿ ಓಚ್ಚಮ್ಮಾಳನ್ನು ಗೂಡಿನ ನೇರ ಕೆಳಗೇ ಕೂರಿಸಿದ.

ಹಸಿದ ಸೈನ್ಯ ಇಳಿಯಿತು! ಓಚ್ಚಮ್ಮಾಳ್ ಕತ್ತು ಕೆರೆದುಕೊಂಡರು. ಗಂಭೀರವಾಗಿ ಕೂತಿದ್ದ ಕಾಳಿಮುತ್ತುವಿನ ಕೈ ಮೆಲ್ಲಗೆ ಕಂಕುಳಿಗೆ ಹೋಯಿತು. ಪೆರಿಯಣ್ಣನ್ ನಗುನಗುತ್ತಲೇ ಬೆನ್ನನ್ನು ಕಂಬಕ್ಕೆ ಉಜ್ಜಿದ.

ತಿಲಗವತಿ ವೀಳ್ಯದ ತಟ್ಟೆ ಹಿಡಿದು ಬಂದಳು.

"ಹೆಣ್ಣನ್ನ ಚೆನ್ನಾಗಿ ನೋಡ್ಕೊಳ್ಳಿ," ಎಂದ ಪೆರಿಯಣ್ಣನ್.

ಓಚ್ಚಮ್ಮಾಳ್ ಕತ್ತಿನಿಂದ ಏನನ್ನೋ ಹೆಕ್ಕಿ ಉಗುರಿನ ಮೇಲಿಟ್ಟರು. "ನಾವು ಬಂದಿದ್ದು ಹೆಣ್ಣು ನೋಡಕ್ಕಾ, ಹೇನು ನೋಡಕ್ಕಾ? ಈ ಪುಳ್ಳೆ, ಈ ಹುಡ್ಗಿ ತಲೇಲಿ ಮಂದೆನೇ ಮೇಯ್ತಾ ಐತೆ! ಏಳೋ ಕಾಳಿಮುತ್ತು, ಗಾಡಿ ಕಟ್ಟು!"

ತಿಲಗವತಿಯ ಕಣ್ಣು ತುಂಬಿತು. ಆದರೆ ಅಳಲಿಲ್ಲ. ತಟ್ಟೆ ಇಳಿಸಿ, ಮೂಲೆಯ ಒನಕೆ ಎತ್ತಿ ಗೂಡಿಗೆ ತಿವಿದೇಬಿಟ್ಟಳು. ತಡೆಯಲು ಹಾರಿದ ಅಪ್ಪನ ತಲೆಯ ಮೇಲೆ ಹುಲ್ಲು, ಗರಿ, ಹಿಕ್ಕೆ, ಹರಿದಾಡುವ ಕೆಂಪು ಚುಕ್ಕೆಗಳ ಪುಷ್ಪವೃಷ್ಟಿ!

"ನೋಡ್ಕೊಳ್ಳಿ ಅತ್ತೆ! ಹೇನು ನನ್ನ ತಲೇದಲ್ಲ, ನಮ್ಮಪ್ಪನ ಗುಬ್ಬೀದು!"

ಓಚ್ಚಮ್ಮಾಳ್ ಬಗ್ಗಿ ನೋಡಿದರು. ಆಮೇಲೆ ಕಿವಿಯ ತಂಡಟ್ಟಿ ತೂಗಾಡುವಂತೆ ನಕ್ಕರು. "ನಮ್ಮನೆ ಸೂರಲ್ಲೂ ಗೂಡೈತೆ ಪುಳ್ಳೆ. ನನ್ನ ಗಂಡ ಮುಟ್ಟಕ್ಕೇ ಬಿಡಲ್ಲ. ಒನಕೆ ಹಿಡ್ಕೊಂಡು ಬೇಗ ಸೊಸೆಯಾಗಿ ಬಂದ್ಬಿಡು! ಆದ್ರೆ ನಿಮ್ಮಪ್ಪ ತಲೆ ಬೋಳಿಸ್ಕೊಂಡೇ ಚಪ್ಪರಕ್ಕೆ ಬರ್ಬೇಕು!"

ಮದುವೆಯ ದಿನ ದಿಂಡುಕ್ಕಲ್ಲಿನ ನೆಂಟರು ಆ ಮಿರುಗುವ ಬೋಳುತಲೆಗೆ ಭಕ್ತಿಯಿಂದ ಕೈಮುಗಿದರು. "ಪಳನಿ ಮುರುಗನಿಗೆ ಹರಕೇನಾ?"

ಪೆರಿಯಣ್ಣನ್ ಗಂಭೀರವಾಗಿ ಬಾಯಿ ತೆರೆಯುವಷ್ಟರಲ್ಲಿ ಮಾರಿಯಮ್ಮಾಳ್ ಹೇಳಿಬಿಟ್ಟಳು:

"ಹರಕೆ ಅಲ್ಲ, ಕೆರೆತ!"